ಚಿತ್ರ ಮತ್ತು ಹೆಸರು: ಛಾಯಾಚಿತ್ರದ ಕರ್ತೃತ್ವವಿಚಾರ

ಅಂಕಿತವಳಿದ ಪದ್ಯ, ಆದ್ಯಂತಗಳು ಲುಪ್ತವಾದ ಓಲೆಗರಿ ಸಾಹಿತ್ಯ ಸಂಶೋಧಕರಿಗೆ ಪರಿಚಿತ ಸಮಸ್ಯೆಗಳು. ಛಾಯಾಚಿತ್ರದ ವಿಷಯದಲ್ಲಾದರೋ ಅದಕ್ಕೆ ಕರ್ತೃವೊಬ್ಬನುಂಟೇ ಎಂಬುದೇ ಮೊದಲು ಇತ್ಯರ್ಥವಾಗಬೇಕಿತ್ತು.

1882ರಲ್ಲಿ ನ್ಯೂಯಾರ್ಕಿನ ನೆಪೋಲಿಯನ್ ಸೆರೋನಿ ಅವರು ಉಪನ್ಯಾಸ ಪ್ರವಾಸಕ್ಕೆ ಬಂದಿದ್ದ ಆಸ್ಕರ್ ವೈಲ್ಡ್ ಅವರ ಭಾವಚಿತ್ರಗಳನ್ನು ತೆಗೆದರು. ಅವುಗಳಲ್ಲೊಂದನ್ನು ಬರೋ-ಗೈಲ್ಸ್ ಎಂಬ ಕಲ್ಲಚ್ಚಿನ ಸಂಸ್ಥೆಯು ಅನುಮತಿಯಿಲ್ಲದೆ 85,000 ಪ್ರತಿ ಅಚ್ಚುಹಾಕಿತು. ಯಂತ್ರ ಮೂಡಿಸಿದ ಪ್ರತಿರೂಪಕ್ಕೆ ಕರ್ತೃವಿಲ್ಲವೆಂಬುದು ಅದರ ವಾದ. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ತಳ್ಳಿಹಾಕಿತು. ಭಂಗಿ, ಉಡುಪು, ನೆಳಲು-ಬೆಳಕುಗಳ ಯೋಜನೆ ಸೆರೋನಿಯವರ ಕಲ್ಪನೆಯಿಂದ ಹುಟ್ಟಿದುದರಿಂದ ಅವರೇ ಕರ್ತೃವೆಂದಿತು. ಚಿತ್ರದ ಮೇಲಿದ್ದ ‘ಎನ್. ಸೆರೋನಿ’ ಎಂಬ ಸಂಕ್ಷಿಪ್ತ ಹೆಸರೂ ಹಕ್ಕನ್ನು ಸಾರಲು ಸಾಕೆಂದಿತು.

ಅಂತರ್ಜಾಲವು ಆ ಹೆಸರನ್ನೇ ಚಿತ್ರದಿಂದ ಬೇರ್ಪಡಿಸಿತು. 2010ರ ಜನವರಿಯ ಹೈಟಿ ಭೂಕಂಪದ ದಿನ ದಾನಿಯಲ್ ಮೊರೆಲ್ ಅವರು ಟ್ವಿಟರಿನ ಮೂಲಕ ಹಂಚಿಕೊಂಡ ಚಿತ್ರಗಳನ್ನು ಮತ್ತೊಬ್ಬನು ತನ್ನವೆಂದು ಪ್ರಕಟಿಸಿದನು. ಎಎಫ್‌ಪಿ ಸುದ್ದಿಸಂಸ್ಥೆಯು ಅವುಗಳನ್ನು ಅವನ ಹೆಸರಿನಲ್ಲಿಯೇ ಲೋಕಕ್ಕೆ ಹಂಚಿತು. ಟ್ವಿಟರಿನ ನಿಯಮಗಳು ಅದಕ್ಕೆ ಅವಕಾಶ ಕೊಡುತ್ತವೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. 2013ರಲ್ಲಿ ಜ್ಯೂರಿಯು ಸುಮಾರು 12 ಲಕ್ಷ ಡಾಲರು ಪರಿಹಾರವನ್ನು ವಿಧಿಸಿತು.

ಕಳೆದ ಹೆಸರನ್ನು ಅರಸಲು ಇಂದು ರಿವರ್ಸ್ ಇಮೇಜ್ ಸರ್ಚ್ ಎಂಬ ಸಾಧನವಿದೆ. 2008ರಲ್ಲಿ ಟೊರೊಂಟೊದ ಟಿನ್‌ಐ, 2011ರಲ್ಲಿ ಗೂಗಲ್ ಇದನ್ನು ಒದಗಿಸಿದವು. ಪದದ ಬದಲು ಚಿತ್ರವನ್ನೇ ಕೊಟ್ಟರೆ, ಯಂತ್ರವು ಅದರ ರೂಪಲಕ್ಷಣಗಳನ್ನು ಗಣಿತದ ಗುರುತಾಗಿಸಿ ತನ್ನ ಸಂಗ್ರಹದೊಡನೆ ಹೋಲಿಸುತ್ತದೆ. ಅಂಚು ಕತ್ತರಿಸಿದ್ದರೂ, ಬಣ್ಣ ಬದಲಿಸಿದ್ದರೂ ಹಲವು ವೇಳೆ ಪ್ರತಿಗಳು ದೊರೆಯುತ್ತವೆ. ಆದರೆ ಅದು ತೋರುವುದು ಪ್ರತಿಗಳನ್ನಷ್ಟೆ, ಕರ್ತೃವನ್ನಲ್ಲ. ಮೊದಲು ಕಂಡ ಪ್ರತಿಯೇ ಮೂಲಪ್ರತಿಯೆನ್ನಲಾಗದು. ಗ್ರಂಥಸಂಪಾದಕನು ಪಾಠಾಂತರಗಳನ್ನು ತೂಗುವಂತೆ ದಿನಾಂಕ, ಗಾತ್ರ, ಕತ್ತರಿಸದ ಅಂಚುಗಳನ್ನು ಇಲ್ಲಿಯೂ ತೂಗಬೇಕು.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಛಾಯಾಚಿತ್ರವನ್ನು ಕಲಾಕೃತಿಯೆಂದೇ ಪರಿಗಣಿಸುತ್ತದೆ. 2012ರ ತಿದ್ದುಪಡಿಯಿಂದ ಅದರ ರಕ್ಷಣೆ ಛಾಯಾಗ್ರಾಹಕರ ಜೀವಿತಕಾಲಕ್ಕೂ ಆನಂತರದ 60 ವರ್ಷಗಳಿಗೂ ವ್ಯಾಪಿಸಿತು. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಮು ಕರ್ತೃವಿಗೆ ಉಳಿಸಿದೆ. ಹೀಗಿದ್ದೂ ಶಾಸನ, ಶಿಲ್ಪ, ಬಸದಿಗಳ ಚಿತ್ರಗಳನ್ನು ಬಳಸಿ ‘ಕೃಪೆ: ಅಂತರ್ಜಾಲ’ ಎಂದು ಬರೆಯುವ ರೂಢಿ ನಮ್ಮ ಸಂಪ್ರಬಂಧಗಳಲ್ಲಿದೆ. ಶಾಸನ ಸಾವಿರ ವರ್ಷ ಹಳೆಯದಿರಬಹುದು. ಚಿತ್ರ ನಿನ್ನೆಯದು, ಅದನ್ನು ತೆಗೆದವರಿಗೆ ಹೆಸರುಂಟು. ಆ ಹೆಸರನ್ನು ಹುಡುಕಿ ಅನುಮತಿ ಕೇಳುವುದೂ ಸಂಶೋಧನೆಯ ಭಾಗವೇ. ಹುಡುಕಿಯೂ ದೊರೆಯದಿದ್ದಲ್ಲಿ ಚಿತ್ರವನ್ನು ಬಿಡುವುದು ಉಚಿತ.