ಗಡುವೂ ಗಡಿಯಾರವೂ: ಸಂವಾದಯಂತ್ರಗಳ ಕಾಲನಿರ್ದೇಶವನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಒಂದೇ ಕ್ಷಣದಲ್ಲಿ ಎರಡು ಊರುಗಳ ಗಡಿಯಾರಗಳು ಎರಡು ಬೇರೆ ಹೊತ್ತುಗಳನ್ನು ತೋರಿಸುವುದು ಹೊಸ ಸಂಗತಿಯೇನೂ ಅಲ್ಲ. ಚಾಟ್‌ಬಾಟ್ ಎಂದು ಕರೆಯಲ್ಪಡುವ ಸಂವಾದಯಂತ್ರಗಳು ದೂರದೇಶಗಳ ಗಡುವುಗಳನ್ನು ನಮಗೆ ತಿಳಿಸತೊಡಗಿದ ಮೇಲೆ ಹಳೆಯ ತೊಡಕೇ ಮರಳಿ ತಲೆಯೆತ್ತಿದೆ.

ರೈಲೂ ತಂತಿಯೂ ಬರುವುದಕ್ಕೆ ಮುನ್ನ ಊರೂರಿಗೂ ತನ್ನ ನೆತ್ತಿಯ ಮೇಲಿನ ಸೂರ್ಯನೇ ಪ್ರಮಾಣ. ರೇಖಾಂಶದ ಒಂದು ಡಿಗ್ರಿಗೆ 4 ನಿಮಿಷಗಳ ಅಂತರವಾದುದರಿಂದ, ಗ್ರೀನಿಚ್ಚಿಗಿಂತ ಮುಂಬಯಿ 4 ಗಂಟೆ 51 ನಿಮಿಷ, ಮದರಾಸು 5 ಗಂಟೆ 21 ನಿಮಿಷ, ಕಲ್ಕತ್ತೆ 5 ಗಂಟೆ 53 ನಿಮಿಷ ಮುಂದಿದ್ದವು. ಮದರಾಸಿನ ಖಗೋಳ ವೀಕ್ಷಣಾಲಯದ ವೇಳೆ ಉಳಿದೆರಡರ ನಡುವೆ ಬರುತ್ತಿದ್ದಿತು. ರೈಲ್ವೆಗಳು ಅದನ್ನೇ ಅಂಗೀಕರಿಸಿದವು. 1906ರ ಜನವರಿ 1ರಂದು ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿನ ಭಾರತೀಯ ಪ್ರಮಾಣವೇಳೆ ಜಾರಿಗೆ ಬಂದಿತು. ಆದರೆ ಆಜ್ಞೆಯಾದ ಮಾತ್ರಕ್ಕೆ ರೂಢಿ ಅಳಿಯಲಿಲ್ಲ. ಕಲ್ಕತ್ತೆಯಲ್ಲಿ 1948ರವರೆಗೂ ಮುಂಬಯಿಯಲ್ಲಿ 1955ರವರೆಗೂ ಸ್ಥಳೀಯ ವೇಳೆ ಉಳಿದುಕೊಂಡಿತು. ಮುಂಬಯಿಯ ವ್ಯತ್ಯಾಸ 39 ನಿಮಿಷ. ಅಲ್ಲಿ 'ಐದು ಗಂಟೆಯೊಳಗೆ' ಎಂದರೆ ಯಾರ ಐದು ಗಂಟೆ ಎಂದು ಕೇಳದೆ ಗತಿಯಿರಲಿಲ್ಲ. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನೇ ನಾವು ಈಗ ಕಳೆದುಕೊಂಡಿರುವಂತೆ ತೋರುತ್ತದೆ.

ನಮ್ಮ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಜಪಾನಿನ ಒಂದು ವಿದ್ಯಾಸಂಸ್ಥೆಗೆ ಅರ್ಜಿ ಸಲ್ಲಿಸಬೇಕಾಗಿದ್ದಿತು. ಆ ಸಂಸ್ಥೆಯ ಸಂವಾದಯಂತ್ರವು 'ಮಾರ್ಚ್ 31, ರಾತ್ರಿ 11.59' ಎಂದಷ್ಟೇ ತಿಳಿಸಿತು. ಜಪಾನಿನ ವೇಳೆ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು; ಅಲ್ಲಿಯ 11.59 ಇಲ್ಲಿಯ 8.29. ಅವಳು ಒಂಬತ್ತಕ್ಕೆ ಕುಳಿತಾಗ ಬಾಗಿಲು ಮುಚ್ಚಿದ್ದಿತು. ಒಂದು ವರ್ಷ ವ್ಯರ್ಥವಾಯಿತು.

ಇದು ಯಂತ್ರದ ಅಶಕ್ತಿಯಲ್ಲ. ಗಣಕಗಳು ಸಾಮಾನ್ಯವಾಗಿ 1970ರ ಜನವರಿ 1ರ ಸಾರ್ವತ್ರಿಕ ವೇಳೆಯಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕ್ಷಣವನ್ನು ಗುರುತಿಸುತ್ತವೆ. ಅದನ್ನು ಓದುಗನ ಊರಿನ ಹೊತ್ತಿಗೆ ಪರಿವರ್ತಿಸುವುದಕ್ಕೆ, 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದ ಕಾಲವಲಯಗಳ ಕೋಷ್ಟಕ ನೆರವಾಗುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಈ ಕೋಷ್ಟಕವೇ ಒಂದು ಆಕರ. ಕೋಲ್ಕತದ ಹೆಸರಿನಲ್ಲಿರುವ ಭಾರತದ ನಮೂದಿನಲ್ಲಿ 1906ಕ್ಕೆ ಹಿಂದಿನ ಮದರಾಸು ವೇಳೆಯೂ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದೂಡಿದ್ದೂ ಸೇರಿವೆ!

ಹಾಗಾದರೆ ಎಲ್ಲ ಗಡುವುಗಳನ್ನೂ ಓದುಗನ ವೇಳೆಗೆ ಪರಿವರ್ತಿಸಿಬಿಟ್ಟರೆ ಸಾಲದೆ? ಸಾಲದೆಂದೇ ನನ್ನ ಅಭಿಪ್ರಾಯ. ಪರಿವರ್ತಿತ ಹೊತ್ತನ್ನು ಮಾತ್ರ ತೋರಿಸಿದರೆ ಗಡುವು ಯಾರ ಗಡಿಯಾರಕ್ಕೆ ಬದ್ಧವೆಂಬುದು ಮರೆಯಾಗುತ್ತದೆ. ಆ ಉತ್ತರವನ್ನು ನಕಲುಮಾಡಿ ನ್ಯೂಯಾರ್ಕಿನಲ್ಲಿರುವ ಗೆಳೆಯನಿಗೆ ಕಳುಹಿಸಿದರೆ ಅವನು ತಪ್ಪುವುದು ಖಂಡಿತ. ಅಮೆರಿಕದಲ್ಲಂತೂ ಬೇಸಗೆಯಲ್ಲಿ ಗಡಿಯಾರವನ್ನು ಮುಂದೂಡುವುದರಿಂದ ನಮಗೂ ನ್ಯೂಯಾರ್ಕಿಗೂ ಇರುವ ಅಂತರ ಒಮ್ಮೆ ಒಂಬತ್ತೂವರೆ ಗಂಟೆ, ಮತ್ತೊಮ್ಮೆ ಹತ್ತೂವರೆ. ಆದುದರಿಂದ ಗಡುವು ವಿಧಿಸಿದ ಸ್ಥಳದ ವೇಳೆ, ಓದುಗನ ವೇಳೆ ಎರಡನ್ನೂ ಊರಿನ ಹೆಸರು ಮತ್ತು ತಾರೀಖುಗಳೊಡನೆ ಒಟ್ಟಿಗೆ ನಮೂದಿಸುವುದು ಯುಕ್ತ. ಅದಕ್ಕೆ ಬೇಕಾಗುವುದು ಇನ್ನೊಂದು ಸಾಲು ಮಾತ್ರ.