ಜರ್ಮನಿಯ ಐಸ್ ಹಾಕಿ: ಮುಂಪಡೆಯ ಮೂರು ತಲೆಮಾರುಗಳು

ಕಾಲ್ಚೆಂಡಾಟಕ್ಕೆ ಮನಸೋತ ಜರ್ಮನಿಯಲ್ಲಿ ಐಸ್ ಹಾಕಿಯು ಬಹುಕಾಲ ಬರ್ಲಿನ್ ನಗರದಲ್ಲಿಯೂ ಬವೇರಿಯದ ಸಣ್ಣ ಊರುಗಳಲ್ಲಿಯೂ ಆಶ್ರಯ ಪಡೆದು ಬೆಳೆದ ಕ್ರೀಡೆ. ಮೂವರು ಮುಂಪಡೆಯವರು (ಫಾರ್ವರ್ಡುಗಳು), ಇಬ್ಬರು ರಕ್ಷಕರು, ಒಬ್ಬ ಗೋಲ್‌ಕೀಪರ್ ಎಂಬ ವ್ಯವಸ್ಥೆಯುಳ್ಳ ಈ ಆಟದಲ್ಲಿ ಗೋಲು ಗಳಿಸುವ ಹೊಣೆ ಪ್ರಧಾನವಾಗಿ ಮುಂಪಡೆಯದಾದುದರಿಂದ, ಒಂದು ದೇಶವು ಎಂತಹ ಫಾರ್ವರ್ಡುಗಳನ್ನು ಬೆಳೆಸಿತು, ಅವರು ಎಲ್ಲಿಯವರೆಗೆ ಸಲ್ಲಬಲ್ಲವರಾದರು ಎಂಬುದರಿಂದ ಆ ದೇಶದ ಹಾಕಿಯ ಉನ್ನತಿಯನ್ನು ಅಳೆಯಬಹುದು. ಈ ದೃಷ್ಟಿಯಿಂದ ಮಾರ್ಕೊ ಸ್ಟುರ್ಮ್ ಅವರ ವೃತ್ತಿಜೀವನವು ಎರಡು ಯುಗಗಳ ಸಂಧಿಯಲ್ಲಿ ನಿಂತಿದೆ.

ಮೊದಲ ತಲೆಮಾರಿನ ಅಗ್ರಗಣ್ಯರು ಬರ್ಲಿನ್ನಿನ ಗುಸ್ತಾವ್ ಯೆನೆಕೆ. ಡೇವಿಸ್ ಕಪ್ ಟೆನಿಸಿನಲ್ಲಿಯೂ ದೇಶವನ್ನು ಪ್ರತಿನಿಧಿಸಿದ ಇವರು, 1932ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಅವರ ಜೊತೆಗಾರ ರೂಡಿ ಬಾಲ್ ಯೆಹೂದಿ ಮೂಲದವರಾದರೂ 1936ರಲ್ಲಿ ನಾಜಿ ಆಡಳಿತದ ಜರ್ಮನಿಗಾಗಿ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಒಲಿಂಪಿಕ್ಸಿನಲ್ಲಿ ಆಡಿದರು. ಯುದ್ಧಾನಂತರ ದಕ್ಷಿಣ ಆಫ್ರಿಕಕ್ಕೆ ವಲಸೆ ಹೋದರು. ಯುದ್ಧದ ಕಾರಣದಿಂದ 1948ರ ಒಲಿಂಪಿಕ್ಸಿಗೆ ಜರ್ಮನಿಗೆ ಆಹ್ವಾನವೇ ಇರಲಿಲ್ಲ.

1958ರಲ್ಲಿ ಐಸ್ ಹಾಕಿಯ ರಾಷ್ಟ್ರೀಯ ಲೀಗಾದ ಬುಂಡೆಸ್‌ಲೀಗಾ ಸ್ಥಾಪಿತವಾದ ಮೇಲೆ ಎರಡನೆಯ ತಲೆಮಾರು ರೂಪುಗೊಂಡಿತು. ಚೆಕೊಸ್ಲೊವಾಕಿಯದಲ್ಲಿ ಜನಿಸಿ, 1968ರಲ್ಲಿ ಲಾಂಡ್ಸ್‌ಹುಟ್ ಊರಿಗೆ ಬಂದು ನೆಲೆಸಿದ ನೀಳಕಾಯದ ಎರಿಕ್ ಕ್ಯೂನ್‌ಹಾಕ್ಲ್ ಇದರ ಶಿಖರಪ್ರಾಯರು. 1976ರ ಇನ್ಸ್‌ಬ್ರುಕ್ ಒಲಿಂಪಿಕ್ ಕ್ರೀಡಾಕೂಟದಲ್ಲಿ, ಫಿನ್ಲೆಂಡ್ ಹಾಗೂ ಅಮೆರಿಕಗಳೊಡನೆ ಸಮನಾಗಿ ನಿಂತು, ಗೋಲುಗಳ ಅನುಪಾತದ ಸೂಕ್ಷ್ಮ ಗಣನೆಯಿಂದ ಪಶ್ಚಿಮ ಜರ್ಮನಿಗೆ ಲಭಿಸಿದ ಕಂಚಿನಲ್ಲಿ ಅವರ ಪಾಲಿತ್ತು. 1979–80ರ ಋತುವಿನಲ್ಲಿ ಅವರು ಗಳಿಸಿದ 83 ಗೋಲುಗಳೂ 72 ನೆರವುಗಳೂ ಇಂದಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಅವರ ಈ ಪರಾಕ್ರಮವೆಲ್ಲ ಸ್ವದೇಶದ ಲೀಗಿನಲ್ಲಿಯೂ ರಾಷ್ಟ್ರತಂಡದಲ್ಲಿಯೂ ನಡೆದುದು. ಅಂದಿನ ಜರ್ಮನ್ ಫಾರ್ವರ್ಡನಿಗೆ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗು ದೂರದ ಲೋಕವಾಗಿಯೇ ಉಳಿದಿತ್ತು.

ಮೂರನೆಯ ತಲೆಮಾರಿನ ಕಾಲಕ್ಕೆ, 1994ರಲ್ಲಿ, ಬುಂಡೆಸ್‌ಲೀಗಾದ ಬದಲಿಗೆ ಡಿಇಎಲ್ ಎಂಬ ಹೊಸ ಲೀಗು ಬಂದಿತು. ಆಟಗಾರರು ಯುರೋಪಿನ ದೇಶಗಳ ನಡುವೆ ಮುಕ್ತವಾಗಿ ತಂಡ ಬದಲಿಸಲು ದಾರಿ ತೆರೆದ ಮರುವರ್ಷದ ಬೋಸ್ಮನ್ ತೀರ್ಪಿನ ತರುವಾಯ ವಿದೇಶೀ ಆಟಗಾರರು ತಂಡೋಪತಂಡವಾಗಿ ಬಂದುದರಿಂದ ದೇಶೀಯ ತರುಣರಿಗೆ ಅವಕಾಶ ಸಂಕುಚಿತವಾಯಿತು. ಇಂತಹ ಕಾಲದಲ್ಲಿಯೇ, 1978ರಲ್ಲಿ ಡಿಂಗೊಲ್ಫಿಂಗ್‌ನಲ್ಲಿ ಜನಿಸಿ ಲಾಂಡ್ಸ್‌ಹುಟ್‌ನಲ್ಲಿ ಪಳಗಿದ ಸ್ಟುರ್ಮ್ ಅವರನ್ನು ತಂಡಗಳು ತರುಣ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1996ರ ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ ಸ್ಯಾನ್ ಹೊಸೆ ಶಾರ್ಕ್ಸ್ ತಂಡವು ಮೊದಲ ಸುತ್ತಿನಲ್ಲಿಯೇ ಆರಿಸಿಕೊಂಡಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿ ಕಣಕ್ಕಿಳಿದ ಅವರಿಗೆ ಸ್ಕೇಟಿಂಗಿನ ವೇಗವು ಒಂದು ಬಲವಾದರೆ, ತಂಡದಲ್ಲಿ ಒಬ್ಬ ಕಡಿಮೆಯಿರುವ ದಂಡನಾವಧಿಯಲ್ಲಿಯೂ ಎದುರಾಳಿಯನ್ನು ತಡೆಯಬಲ್ಲ ಶಿಸ್ತು ಮತ್ತೊಂದು ಬಲ. 2005ರಲ್ಲಿ ಜೋ ಥಾರ್ನ್‌ಟನ್ ಅವರ ಬದಲಿಗೆ ಬೋಸ್ಟನ್ ಬ್ರೂಯಿನ್ಸ್‌ಗೆ ಬಂದ ಮೂವರಲ್ಲಿ ಒಬ್ಬರಾದ ಸ್ಟುರ್ಮ್, 2010ರ ಜನವರಿ 1ರಂದು ಫೆನ್‌ವೇ ಪಾರ್ಕಿನ ಬಯಲು ಕ್ರೀಡಾಂಗಣದಲ್ಲಿ ಫಿಲಡೆಲ್ಫಿಯದ ವಿರುದ್ಧ ಹೆಚ್ಚುವರಿ ಅವಧಿಯ ವಿಜಯದ ಗೋಲು ಹೊಡೆದರು. ಮೊಣಕಾಲಿನ ಗಾಯಗಳು ಬಾಧಿಸಿದರೂ ಅವರು ಎನ್‌ಎಚ್‌ಎಲ್‌ನ 938 ಪಂದ್ಯಗಳಲ್ಲಿ 242 ಗೋಲು ಗಳಿಸಿದರು. ಸಹಸ್ರದ ಸಮೀಪಕ್ಕೆ ಮುಟ್ಟಿದ ಈ ಪಂದ್ಯಗಳ ಸಂಖ್ಯೆಯೇ, ನನ್ನ ಮಟ್ಟಿಗೆ, ಅವರ ಪರಮ ಸಾಧನೆ. ಜರ್ಮನ್ ಫಾರ್ವರ್ಡ್ ಅಲ್ಲಿ ಅತಿಥಿಯಾಗಿ ಬಂದು ಹೋಗುವವನಲ್ಲ, ಋತುವಿನಿಂದ ಋತುವಿಗೆ ನೆಚ್ಚಬಹುದಾದ ಆಳು ಎಂಬುದನ್ನು ಅವರು ದೀರ್ಘ ದುಡಿಮೆಯಿಂದ ಸ್ಥಾಪಿಸಿದರು.

2014ರ ಸೋಚಿ ಒಲಿಂಪಿಕ್ಸಿಗೆ ಅರ್ಹತೆಯನ್ನೇ ಪಡೆಯದ ಜರ್ಮನಿ, ಮರುವರ್ಷ ರಾಷ್ಟ್ರತಂಡದ ತರಬೇತಿಯನ್ನು ಸ್ಟುರ್ಮ್ ಅವರ ಕೈಗಿತ್ತಿತು. 2018ರ ಪ್ಯಾಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ, ಎನ್‌ಎಚ್‌ಎಲ್ ಆಟಗಾರರಿಲ್ಲದ ಕೂಟವಾದರೂ, ಅವರ ತಂಡವು ಸ್ವೀಡನ್ನನ್ನೂ ಕೆನಡವನ್ನೂ ಸೋಲಿಸಿ ಅಂತಿಮ ಪಂದ್ಯಕ್ಕೇರಿತು. ಕೊನೆಯ ನಿಮಿಷದವರೆಗೂ ಮುಂದಿದ್ದು, ಹೆಚ್ಚುವರಿ ಅವಧಿಯಲ್ಲಿ ರಷ್ಯದ ಆಟಗಾರರಿಗೆ 4–3ರಿಂದ ಮಣಿದು ಬೆಳ್ಳಿ ಪಡೆಯಿತು.

2020ರಲ್ಲಿ ಕೊಲೋನಿನ ಲಿಯೋನ್ ಡ್ರೈಸೈಟ್ಲ್ ಎನ್‌ಎಚ್‌ಎಲ್‌ನಲ್ಲಿ ತನ್ನ ತಂಡಕ್ಕೆ ಅತ್ಯಂತ ಮೌಲ್ಯಯುತನಾದ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನು ಪಡೆದ ಪ್ರಥಮ ಜರ್ಮನರಾದರು. 2025ರಲ್ಲಿ ಸ್ಟುರ್ಮ್ ತಾವು ಆಡಿದ್ದ ಬೋಸ್ಟನ್ನಿಗೇ ಮುಖ್ಯ ತರಬೇತುದಾರರಾದರು. ಪ್ರತಿಭೆಯಲ್ಲಿ ಡ್ರೈಸೈಟ್ಲ್ ಹಿರಿಯರೆಂಬುದು ನಿರ್ವಿವಾದ. ಆದರೆ ಕ್ಯೂನ್‌ಹಾಕ್ಲ್ ಅವರ ಕಾಲಕ್ಕೂ ಡ್ರೈಸೈಟ್ಲ್ ಅವರ ಕಾಲಕ್ಕೂ ನಡುವೆ ವಿಶ್ವಾಸದ ಸೇತುವನ್ನು ಕಟ್ಟಿದವರಲ್ಲಿ ಸ್ಟುರ್ಮ್ ಅಗ್ರಗಣ್ಯರು. ಅವರಂಥವರನ್ನು ಎಳವೆಯಲ್ಲಿಯೇ ಗುರುತಿಸಿ ತಿದ್ದಿದ ಲಾಂಡ್ಸ್‌ಹುಟ್‌ನಂಥ ಊರುಗಳ ತರಬೇತಿಗೆ ಪೋಷಣೆ ದೊರೆತಷ್ಟು ಕಾಲ ಜರ್ಮನಿಯ ಮುಂಪಡೆಗೆ ಉತ್ತರಾಧಿಕಾರಿಗಳ ಕೊರತೆಯಾಗಲಾರದು.