ಒಂದೊಂದಾಗಿಯೋ, ಒಟ್ಟಿಗೋ? ಬ್ಯಾಟರಿ ಕಣಗಳ ಕಥೆ

ಲಿಥಿಯಮ್ ಅಯಾನು ಬ್ಯಾಟರಿಯೊಂದು ಅರ್ಧ ಚಾರ್ಜ್ ಆಗಿದೆ ಎನ್ನೋಣ. ಅದರ ಎಲೆಕ್ಟ್ರೋಡಿನಲ್ಲಿ ಅಸಂಖ್ಯ ಸೂಕ್ಷ್ಮ ಕಣಗಳಿವೆ. ಪ್ರತಿಯೊಂದು ಕಣವೂ ಅರ್ಧದಷ್ಟು ಚಾರ್ಜ್ ಆಗಿದೆಯೇ? ಅಥವಾ ಅರ್ಧದಷ್ಟು ಕಣಗಳು ಪೂರ್ತಿ ಚಾರ್ಜ್ ಆಗಿ, ಉಳಿದವು ಹಾಗೆಯೇ ಇವೆಯೇ? ಪ್ರಶ್ನೆ ಸರಳ. ಆದರೆ ಉತ್ತರ ಸಿಗಲು ಸುಮಾರು ಹದಿನೇಳು ವರ್ಷಗಳೇ ಬೇಕಾದವು. ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೂ ಈ ಉತ್ತರಕ್ಕೂ ನೇರ ನಂಟಿದೆ.

ಕಥೆ ಆರಂಭವಾಗುವುದು 1997ರಲ್ಲಿ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್, ಅಕ್ಷಯ ಪಾಧಿ ಮತ್ತು ಸಂಗಡಿಗರು ಲಿಥಿಯಮ್ ಐರನ್ ಫಾಸ್ಫೇಟ್ ಎಂಬ ವಸ್ತುವನ್ನು ಧನ ಎಲೆಕ್ಟ್ರೋಡಿಗೆ ಬಳಸಬಹುದೆಂದು ತೋರಿಸಿದರು. ಇದರಲ್ಲಿ ದುಬಾರಿ ಕೋಬಾಲ್ಟ್ ಇಲ್ಲ. ಚಾರ್ಜ್ ಮಾಡುವಾಗ ಲಿಥಿಯಮ್ ಅಯಾನುಗಳು ಸ್ಫಟಿಕವನ್ನು ಬಿಟ್ಟು ಹೊರಡುತ್ತವೆ, ಐರನ್ ಫಾಸ್ಫೇಟ್ ಉಳಿಯುತ್ತದೆ. ಎಣ್ಣೆ ಮತ್ತು ನೀರಿನಂತೆ ಲಿಥಿಯಮ್ ಇರುವ ಮತ್ತು ಇಲ್ಲದ ಈ ಎರಡು ಪ್ರಾವಸ್ಥೆಗಳು ಸುಲಭವಾಗಿ ಬೆರೆಯುವುದಿಲ್ಲ. ಲಿಥಿಯಮ್ ಹೊರಟಾಗ ಗಾತ್ರ ಸುಮಾರು ಶೇಕಡಾ 7ರಷ್ಟು ಕುಗ್ಗುತ್ತದೆ.

ಪ್ರತಿ ಕಣದಲ್ಲೂ ಹೊರಗಿನಿಂದ ಒಳಕ್ಕೆ, ಈರುಳ್ಳಿಯ ಪದರ ಸುಲಿದಂತೆ, ಬದಲಾವಣೆ ಸಾಗುತ್ತದೆ ಎಂಬುದು ಮೊದಲ ಊಹೆ. 2008ರಲ್ಲಿ ಫ್ರಾನ್ಸಿನ ಕ್ಲೋಡ್ ದೆಲ್ಮಾ ತಂಡ ಬೇರೆಯೇ ಚಿತ್ರ ಕೊಟ್ಟಿತು. ಅತಿಸಣ್ಣ ಕಣಗಳಲ್ಲಿ ಬದಲಾವಣೆ ಒಮ್ಮೆ ಆರಂಭವಾದರೆ ಸರಸರನೆ ಮುಗಿದುಬಿಡುತ್ತದೆ. ಆದ್ದರಿಂದ ಪ್ರತಿ ಕಣವೂ ಒಂದೋ ತುಂಬಿರುತ್ತದೆ, ಇಲ್ಲವೇ ಖಾಲಿಯಾಗಿರುತ್ತದೆ.

ಹೀಗೇಕೆ? 2010ರಲ್ಲಿ ಬರ್ಲಿನ್‌ನ ವೋಲ್ಫ್‌ಗಾಂಗ್ ಡ್ರೈಯರ್ ಮತ್ತು ಸ್ಲೊವೇನಿಯಾದ ಸಹೋದ್ಯೋಗಿಗಳು ಉಷ್ಣಗತಿವಿಜ್ಞಾನದ ನೆರವಿನಿಂದ ವಿವರಣೆ ನೀಡಿದರು. ನೀವು ಬಲೂನು ಊದಿದ್ದೀರಲ್ಲವೇ? ಮೊದಲ ಉಸಿರು ಕಷ್ಟ, ಒಮ್ಮೆ ಉಬ್ಬತೊಡಗಿದರೆ ಮುಂದಿನದು ಸಲೀಸು. ಒಂದೇ ಕೊಳವೆಗೆ ಹತ್ತಾರು ಬಲೂನು ಕಟ್ಟಿ ನಿಧಾನವಾಗಿ ಊದಿ ನೋಡಿ. ಎಲ್ಲವೂ ಸಮನಾಗಿ ಉಬ್ಬುವುದಿಲ್ಲ. ಒಂದು ಉಬ್ಬಿದ ಮೇಲೆ ಇನ್ನೊಂದರ ಸರದಿ. ಕಣಗಳೂ ಹೀಗೆಯೇ ಒಂದು ಶಕ್ತಿಯ ತಡೆಯನ್ನು ದಾಟಬೇಕು.

ಹಾಗಾದರೆ ಅಪಾಯವೆಲ್ಲಿ? ಒಂದು ಸಮಯಕ್ಕೆ ಕೆಲವೇ ಕಣಗಳು ದುಡಿಯುತ್ತಿದ್ದರೆ ಇಡೀ ವಿದ್ಯುತ್ ಪ್ರವಾಹ ಅವುಗಳ ಮೇಲೆಯೇ ಬೀಳುತ್ತದೆ. ವೇಗವಾಗಿ ಚಾರ್ಜ್ ಮಾಡಿದರೆ ಈ ಹೊರೆ ಇನ್ನೂ ಹೆಚ್ಚಬೇಕು ಎಂದು ನೀವು ಭಾವಿಸಬಹುದು.

2014ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಲಿಯಂ ಚುಯೆ ಮತ್ತು ಸಂಗಡಿಗರು ಎಕ್ಸ್-ಕಿರಣ ಸೂಕ್ಷ್ಮದರ್ಶಕದಿಂದ 3,000ಕ್ಕೂ ಹೆಚ್ಚು ಕಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಪ್ರವಾಹ ಕಡಿಮೆಯಿದ್ದಾಗ ಕಣಗಳು ಸರದಿಯಲ್ಲಿ ಬದಲಾಗುತ್ತವೆ, ಪ್ರವಾಹ ಹೆಚ್ಚಿದಂತೆ ಹೆಚ್ಚು ಹೆಚ್ಚು ಕಣಗಳು ಒಟ್ಟಿಗೆ ಕೆಲಸಕ್ಕಿಳಿಯುತ್ತವೆ. ಜೋರಾಗಿ ಊದಿದಾಗ ಹಲವು ಬಲೂನುಗಳು ಒಮ್ಮೆಲೇ ಉಬ್ಬಿದ ಹಾಗೆ! ಅಚ್ಚರಿಯೆಂದರೆ, ದುಡಿಯುವ ಕಣಗಳ ಮೇಲ್ಮೈಯ ಮೇಲೆ ಬೀಳುವ ಹೊರೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಎರಡೂ ಪಂಗಡದ ಮಾತಿನಲ್ಲಿ ಸತ್ಯವಿತ್ತು, ಅವರು ನೋಡಿದ ವೇಗ ಬೇರೆಯಾಗಿತ್ತು.

2016ರಲ್ಲಿ ಇದೇ ತಂಡ, ಬ್ಯಾಟರಿ ಕೆಲಸ ಮಾಡುತ್ತಿರುವಾಗಲೇ ಒಂದೊಂದು ಕಣದ ಒಳಗನ್ನು ಗಮನಿಸಿತು. ಲಿಥಿಯಮ್ ಹಂಚಿಕೆಯ ಏರುಪೇರು ಚಾರ್ಜ್ ಮಾಡುವಾಗ ಬೆಳೆಯುತ್ತದೆ, ಬಳಸುವಾಗ ತಗ್ಗುತ್ತದೆ ಎಂದು ತಿಳಿಯಿತು.

ಇಷ್ಟರಿಂದ ವೇಗದ ಚಾರ್ಜಿಂಗ್ ನಿರಪಾಯ ಎಂದು ತೀರ್ಮಾನಿಸಬೇಡಿ. ಇದು ಧನ ಎಲೆಕ್ಟ್ರೋಡಿನ ಮಾತು. ಎದುರಿನ ಗ್ರಾಫೈಟ್ ಎಲೆಕ್ಟ್ರೋಡಿಗೆ ಲಿಥಿಯಮ್ ತೀರಾ ವೇಗವಾಗಿ ನುಗ್ಗಿದರೆ, ವಿಶೇಷವಾಗಿ ಚಳಿಯಲ್ಲಿ, ಅದು ಒಳಹೋಗದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತದೆ. ಅದರಿಂದ ಸಾಮರ್ಥ್ಯ ಕುಗ್ಗುತ್ತದೆ, ಕೆಲವೊಮ್ಮೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಬಹುದು. ಕಣಗಳೆಲ್ಲ ಸಮನಾಗಿ ಹೊರೆ ಹಂಚಿಕೊಳ್ಳುವಂತೆ ಎರಡೂ ಎಲೆಕ್ಟ್ರೋಡುಗಳನ್ನು ರೂಪಿಸಿದಾಗಲೇ ಬ್ಯಾಟರಿ ಬೇಗ ತುಂಬೀತು, ಬಹುಕಾಲ ಬಾಳೀತು.